ಹತ್ತು ಎಣಿಸಿ, ತಾತ!

ನಾನು ಬಾಯಿಬಡುಕ ಅನ್ನೋದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವನು. ಗಂಟೆ ಹೊಡೆದ ಮೇಲೂ ಹತ್ತು ನಿಮಿಷ ಮಾತಾಡಿದವನು. ಇಂಥವನ ಮೊಮ್ಮಗನಿಗೆ ಎರಡು ತುಂಬಿದರೂ ಇರೋದು ಐದಾರೇ ಮಾತು. ‘ಮನೆಯ ಮಾತನ್ನೆಲ್ಲ ಇವರೇ ಖರ್ಚು ಮಾಡಿಬಿಟ್ಟರು, ಮಗೂಗೆ ಉಳಿಸಲಿಲ್ಲ’ ಅಂತ ನನ್ನಾಕೆಯ ತೀರ್ಪು. ತಮಾಷೆಗೆ ಅಂದಳು ಅಂದುಕೊಂಡಿದ್ದೆ.

ಸಲಹೆಗೇನು ಬರ? ಪಕ್ಕದ ಮನೆಯವರು ಬಜೆ ತೇದು ನೆಕ್ಕಿಸಿ ಅಂದರು. ಎದುರು ಮನೆಯವರು ಸೌತಡ್ಕದ ಗಣಪತಿಗೆ ಗಂಟೆ ಹರಕೆ ಹೊರಿ ಅಂದರು. ಮೂಲೆಮನೆಯವರು ‘ಗಂಡುಮಕ್ಕಳಿಗೆ ಮಾತು ತಡ ಸ್ವಾಮಿ, ನಮ್ಮೋನು ನಾಲ್ಕಕ್ಕೆ ಬಾಯಿಬಿಟ್ಟ, ಈಗ ಲಾಯರು’ ಅಂದರು. ನಾನು ಆಧುನಿಕ ತಾತ. ಟ್ಯಾಬ್ಲೆಟ್ಟು ತಂದೆ! ಬಣ್ಣಬಣ್ಣದ ಹಸು, ಆನೆ ಎಲ್ಲ ಮಾತಾಡಿದವು. ಮೊಮ್ಮಗ ಮಾತ್ರ ಮಾತಾಡಲಿಲ್ಲ. ಹಸುವಿಗೆ ‘ಅಂಬಾ’ ಅನ್ನೋಕೆ ಬಾರದವನ ಬೆರಳಿಗೆ, ಜಾಹೀರಾತು ದಾಟಿಸೋ ಗುಂಡಿ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಾಯಿತು.

ಸೊಸೆ ಒಂದು ದಿನ ‘ಮಾವ, ಸಾಕು’ ಅಂದಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲೇ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋ ಊರು ನಮ್ಮದು. ದೇಶದ ಮೂಲೆಮೂಲೆಯಿಂದ ಜನ ಮಕ್ಕಳನ್ನು ಎತ್ತಿಕೊಂಡು ಬರ್ತಾರೆ. ನಾವು ಅದರ ಗೇಟಿನ ಮುಂದೆಯೇ ದಿನಾ ವಾಕಿಂಗ್ ಹೋಗ್ತಾ ಮೂಲೆಮನೆಯವರನ್ನು ಕೇಳ್ತಿದ್ದೆವು.

ಕೊನೆಗೆ ಆ ಗೇಟು ದಾಟಿದೆವು. ಅಲ್ಲಿನ ಪರಿಣತೆಯ ಮೊದಲ ಮಾತು, ಕಿವಿ ಪರೀಕ್ಷೆ. ‘ಕಿವಿ ನೆಟ್ಟಗಿದೆಯಮ್ಮ, ಬಿಸ್ಕತ್ತಿನ ಪೊಟ್ಟಣ ಸದ್ದಾದರೆ ಅಡುಗೆಮನೆಯಿಂದ ಓಡಿ ಬರ್ತಾನೆ’ ಅಂದೆ. ಆಕೆ ನಕ್ಕರು. ಪೊಟ್ಟಣದ ಸದ್ದು ಕೇಳೋ ಮಗುವಿಗೂ ಮಾತಿನ ಕೆಲವು ಸದ್ದು ಮಸುಕಾಗಿರಬಹುದಂತೆ. ಶೀತ ಆಗಿ ಕಿವಿತಮಟೆಯ ಹಿಂದೆ ನೀರು ನಿಂತರೂ ಸಾಕಂತೆ. ಪುಣ್ಯಕ್ಕೆ ನಮ್ಮವನ ಕಿವಿ ಸರಿಯಿತ್ತು.

ಆಮೇಲೆ ಹೋಮ್‌ವರ್ಕು. ‘ನಿಮ್ಮ ಫೋನಿನಲ್ಲೇ, ಮಗು ಜೊತೆ ಆಡೋದನ್ನ ಐದು ನಿಮಿಷ ವಿಡಿಯೋ ಮಾಡಿ ಕಳಿಸಿ.’ ಇಷ್ಟು ದಿನ ಫೋನನ್ನು ಮಗುವಿನ ಮುಖಕ್ಕೆ ಹಿಡಿದಿದ್ದೆ. ಈಗ ಅದು ನನ್ನ ಕಡೆ ತಿರುಗಿತು.

ವಿಡಿಯೋ ನೋಡಿದೆ. ‘ಇದೇನು ಪುಟ್ಟಾ? ಬಸ್ಸಾ? ಬಸ್ಸು ಅನ್ನು. ಯಾವ ಬಣ್ಣ? ಕೆಂಪಾ? ಎಷ್ಟು ಚಕ್ರ?’ ಐದು ನಿಮಿಷಕ್ಕೆ ಮೂವತ್ತೆರಡು ಪ್ರಶ್ನೆ! ಎಸ್ಸೆಸ್ಸೆಲ್ಸಿಯಲ್ಲೂ ಅಷ್ಟು ಬೇಗ ಕೇಳೋದಿಲ್ಲ. ಉತ್ತರವೂ ನನ್ನದೇ. ಮಗು ಮೂರು ಸಲ ತುಟಿ ಅಲ್ಲಾಡಿಸಿತ್ತು. ಮೂರು ಸಲವೂ ನಾನು ಅಡ್ಡ ಬಾಯಿ ಹಾಕಿದ್ದೆ. ನನ್ನಾಕೆ ಪಕ್ಕದಲ್ಲಿ ನಿಂತು ಏನೂ ಅನ್ನಲಿಲ್ಲ. ಅನ್ನೋ ಅಗತ್ಯವೂ ಇರಲಿಲ್ಲ.

‘ಒಂದು ಮಾತಾಡಿ, ಮುಖ ನೋಡಿ, ಮನಸ್ಸಿನಲ್ಲೇ ಹತ್ತು ಎಣಿಸಿ ತಾತ. ಅವನು ನೋಡ್ತಿರೋದರ ಬಗ್ಗೆಯೇ ಮಾತಾಡಿ. ‘ಬಸ್ಸು’ ಅಂದರೆ ‘ಬಸ್ಸು ಬಂತು’ ಅನ್ನಿ, ಒಂದು ಪದ ಸೇರಿಸಿ’ ಅಂದರು ಆಕೆ. ಹತ್ತು ಎಣಿಸೋದು ಅಂದರೇನು ಗೊತ್ತೇ? ಏಳಕ್ಕೆ ಬರೋ ಹೊತ್ತಿಗೆ ನನಗೆ ಬೆವರು. ವಾರಕ್ಕೊಂದು ವಿಡಿಯೋ ಕಳಿಸೋದು, ಆಕೆ ತೆರೆಯ ಮೇಲೇ ತಿದ್ದೋದು. ಈ ಏರ್ಪಾಡಿದ್ದರೆ ಬೀದರಿನ ತಾತನೂ ವಾರವಾರ ಮೈಸೂರಿನ ರೈಲು ಹತ್ತಬೇಕಿಲ್ಲ.

ಟ್ಯಾಬ್ಲೆಟ್ಟೇಕೆ ಸೋತಿತು? ಸಿಯಾಟಲಿನ ಪ್ಯಾಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅಮೆರಿಕದ ಒಂಬತ್ತು ತಿಂಗಳ ಕೂಸುಗಳ ಜೊತೆ ಚೀನೀ ಮಾತಿನವರು ಹನ್ನೆರಡು ಸಲ ಕೂತು ಆಡಿದರು. ಕೂಸುಗಳು ಆ ಭಾಷೆಯ ಸದ್ದಿನ ವ್ಯತ್ಯಾಸ ಹಿಡಿದವು. ಅದೇ ಜನ, ಅದೇ ಆಟ ಟಿವಿಯಲ್ಲಿ ತೋರಿಸಿದರೆ ಸೊನ್ನೆ. ಕೂಸಿಗೆ ಬೇಕಿರೋದು ತನಗೆ ಉತ್ತರ ಕೊಡೋ ಮುಖ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಎರಡು ವರ್ಷದೊಳಗಿನವರಿಗೆ ತೆರೆಯೇ ಬೇಡ ಅಂದಾಗಲೂ ನೆಂಟರ ವಿಡಿಯೋ ಕರೆಗೆ ರಿಯಾಯಿತಿ ಕೊಟ್ಟಿತು. ಎರಡರಿಂದ ಐದರವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದೂ ದೊಡ್ಡವರ ಜೊತೆ. ಶಿವಮೊಗ್ಗದ ಬೀಗಿತ್ತಿ ವಿಡಿಯೋ ಕರೆಯಲ್ಲಿ ಸೆರಗಿನ ಮರೆಯಿಂದ ‘ಕೂ’ ಅಂದು ಕಾಯ್ತಾರೆ, ಇವನು ‘ಕೂ’ ಅಂತಾನೆ. ನನ್ನ ಎಂಟು ಸಾವಿರದ ಟ್ಯಾಬ್ಲೆಟ್ಟಿಗಿಂತ ಆ ಸೆರಗೇ ಮೇಲಾಯಿತು.

ಹಾಗಂತ ಆ್ಯಪುಗಳೆಲ್ಲ ಕೆಟ್ಟವೆಂದಲ್ಲ. ಚೆನ್ನೈನ ಅವಾಜ್, ಮುಂಬೈ ಐಐಟಿಯ ಜೆಲ್ಲೋ ಇಂಥವುಗಳಲ್ಲಿ ಮಗು ಚಿತ್ರ ಒತ್ತಿದರೆ ಅದು ಮಾತಾಗಿ ಹೊರಡುತ್ತದೆ. ಸಂಸ್ಥೆಯಲ್ಲಿ ಕಾಯುತ್ತಾ ಕೂತ ಒಬ್ಬ ತಾಯಿ ಪರಿಣತೆಯನ್ನು ‘ಇದು ರೂಢಿಯಾದರೆ ಬಾಯಿ ಸೋಮಾರಿಯಾಗೋಲ್ವಾ?’ ಅಂತ ಕೇಳಿದರು. ಇಲ್ಲವಂತೆ, ಚಿತ್ರ ಒತ್ತಿದ್ದರಿಂದ ಮಾತು ನಿಂತಿದ್ದು ಕಂಡುಬಂದಿಲ್ಲವಂತೆ, ಹೆಚ್ಚಿದವರೇ ಜಾಸ್ತಿಯಂತೆ. ಆದರೆ ಮಗು ಹಾಲಿನ ಚಿತ್ರ ಒತ್ತಿದಾಗ ಹಾಲು ಕೊಡೋಕೆ ಪಕ್ಕದಲ್ಲಿ ಒಬ್ಬರು ಇರಬೇಕು.

ಮೊನ್ನೆ ಬಾಲ್ಕನಿಯಲ್ಲಿ ‘ಕಾಗೆ’ ಅಂದೆ. ಎಣಿಸಿದೆ. ಎಂಟು... ಒಂಬತ್ತು... ‘ಕಾಗೆ ಓತು’ ಅಂದ! ಎರಡು ಪದ. ನಾನು ಹೇಳಿಕೊಡದ ಎರಡನೆಯದು.

ಓದುಗರೇ, ವರ್ಷ ಒಂದೂವರೆಯಾದರೂ ಕೂಸಿನ ಬಾಯಲ್ಲಿ ಒಂದು ಪದವೂ ಇಲ್ಲವೇ? ಎರಡಾದರೂ ‘ಹಾಲು ಬೇಕು’ ಅಂತ ಜೋಡಿಸಿ ಆಡುತ್ತಿಲ್ಲವೇ? ಬಂದ ಮಾತು ಹೋಯಿತೇ? ಮಗುವಿನ ಮುಂದೆ ಹತ್ತು ಎಣಿಸಿ. ಕಿವಿ ತೋರಿಸೋಕೆ ಹೋಗುವಾಗ ಮಾತ್ರ ಎಣಿಸುತ್ತಾ ಕೂರಬೇಡಿ. ಮೂಲೆಮನೆಯ ಲಾಯರ ಕಥೆ ಆಮೇಲೂ ಕೇಳಬಹುದು.