ಬಂದ ಕಾರಣ

ಕಳ್ಳನಾದವನು ಗೇಟಿನ ಬಳಿ ನಿಂತು, ರಿಜಿಸ್ಟರಿನಲ್ಲಿ ಹೆಸರು ಬರೆದು, ಫೋನ್ ನಂಬರ್ ಕೊಟ್ಟು, ಸಮಯ ನಮೂದಿಸಿ, ಸಹಿ ಹಾಕಿಯೇ ಒಳಗೆ ಬರುತ್ತಾನೆ ಎಂಬ ಗಾಢವಾದ ನಂಬಿಕೆಯ ಮೇಲೆ ಮೈಸೂರು–ನಂಜನಗೂಡು ರಸ್ತೆಯ ಎಷ್ಟೋ ಬಡಾವಣೆಗಳು ನಿಂತಿವೆ. ಹೆದ್ದಾರಿಯ ಬದಿಗೆ ಒಂದು ಕಮಾನು, ಕಮಾನಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಹೆಸರು: ವ್ಯಾಲಿ, ಇಲ್ಲವೇ ಮೆಡೋಸ್, ಏನೂ ತೋಚದಿದ್ದರೆ ಎನ್‌ಕ್ಲೇವ್. ಅಲ್ಲಿ ಕಣಿವೆಯೂ ಇಲ್ಲ, ಹುಲ್ಲುಗಾವಲೂ ಇಲ್ಲ. ಮೊನ್ನೆಮೊನ್ನೆಯವರೆಗೂ ಹುರುಳಿ, ರಾಗಿ ಬೆಳೆಯುತ್ತಿದ್ದ ಹೊಲ. ಕಮಾನಿನ ಕೆಳಗೆ ಕೆಂಪು ಬಿಳಿ ಪಟ್ಟೆಯ ಬ್ಯಾರಿಯರ್ ಕೋಲು, ಪಕ್ಕದಲ್ಲೊಂದು ತಗಡಿನ ಗೂಡು, ಗೂಡಿನೊಳಗೆ ಹನ್ನೆರಡು ಗಂಟೆಯ ಪಾಳಿಯ ವಾಚ್‌ಮನ್. ಭದ್ರತೆ ಎಂದರೆ ಇಷ್ಟು.

ಇಂಥ ಒಂದು ಗೇಟನ್ನು ತೆಗೆಯಿರಿ ಎಂದು ಯಾರಾದರೂ ಅಂದರೆ ಒಳಗಿನವರಿಗೆ ಬರುವ ಆವೇಶ ನೋಡಬೇಕು. ಕಾವೇರಿ ಚಳವಳಿಗೆ ಬಾರದವರು, ಪಂಚಾಯಿತಿ ಚುನಾವಣೆಯಲ್ಲಿ ಮತ ಹಾಕದವರು, ಪಕ್ಕದ ಮನೆಯವರ ಹೆಸರು ತಿಳಿಯದವರು ಎಲ್ಲರೂ ಒಂದಾಗುತ್ತಾರೆ. ಸಂಘದ ಅಧ್ಯಕ್ಷರು ಸಾಮಾನ್ಯವಾಗಿ ನಿವೃತ್ತ ಅಧಿಕಾರಿ. ನನಗೆ ಗೊತ್ತಿರುವವರೊಬ್ಬರು ಸರ್ವಿಸ್ ಪೂರ್ತಿ ಲೋಕೋಪಯೋಗಿ ಇಲಾಖೆಯಲ್ಲಿ ಊರೂರಿಗೆ ರಸ್ತೆ ಮಾಡಿಸಿದವರು. ಈಗ ಪಿಂಚಣಿ ತೆಗೆದುಕೊಂಡು ಒಂದು ರಸ್ತೆಯನ್ನು ಮುಚ್ಚಿಸುವ ಕೆಲಸದಲ್ಲಿದ್ದಾರೆ. ‘ನಾವು ಯಾರನ್ನೂ ತಡೆಯುತ್ತಿಲ್ಲ ಸ್ವಾಮಿ, ಸುಮ್ಮನೆ ಕೇಳುತ್ತಿದ್ದೇವೆ ಅಷ್ಟೆ’ ಎನ್ನುವುದು ಅವರ ವಾದ. ಸರಿ, ಕೇಳುವುದು ಹೇಗಿರುತ್ತದೆ ನೋಡೋಣ.

ಹೆದ್ದಾರಿಯಲ್ಲಿ ಬಸ್ಸಿಳಿದ ಒಬ್ಬ ಹಿರಿಯ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದವನು. ಬಡಾವಣೆಯ ಆಚೆ ಬದಿಯ ಹಳ್ಳಿಗೆ ಮಗಳನ್ನು ಕೊಟ್ಟಿದ್ದಾನೆ. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯಲ್ಲಿ ಬಾಳೆಹಣ್ಣು, ಮೇಲೆ ಟವೆಲ್ಲು.

‘ಯಾರ್ನ ನೋಡ್ಬೇಕು ತಾತ?’

‘ಯಾರ್ನೂ ನೋಡ್ಬೇಕಾಗಿಲ್ಲ ಕಣಪ್ಪ. ಆ ಕಡೀಕ್ ಓಗ್ಬೇಕು.’

‘ಮನೆ ನಂಬರ್ ಏಳಿ.’

‘ಮನೆ ಇಲ್ಲಿಲ್ಲ. ಆಚೆಗದೆ. ಕೆರೆ ಏರಿ ಪಕ್ಕ.’

‘ಇಲ್ಲಿ ಬಂದ ಕಾರಣ ಅಂತ ಒಂದು ಕಲಂ ಅದೆ. ಏನ್ ಬರೀಲಿ?’

‘ದಾರಿ ಅದ್ಯಲ್ಲ, ಅದ್ಕೇ ಬಂದೆ ಅಂತ ಬರ್ಕೊ.’

ವಾಚ್‌ಮನ್ ಕೂಡ ಆ ಕಡೆಯ ಹಳ್ಳಿಯವನೇ. ಹೆಮ್ಮರಗಾಲ ಎಂದೊಡನೆ ಎದ್ದು ನಿಂತ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗದೆ ಅಲ್ಲಿನ ಗೋಪಾಲಸ್ವಾಮಿಗೆ ಹರಕೆ ಹೊತ್ತವನು. ಆದರೂ ಕೋಲು ಎತ್ತಲಿಲ್ಲ. ಮೇಲಕ್ಕೆ ಕಣ್ಣು ತೋರಿಸಿ, ‘ಕ್ಯಾಮೆರಾ ನೋಡ್ತದೆ ತಾತ’ ಎಂದ. ತಾತ ತಲೆಯೆತ್ತಿ ಕ್ಯಾಮೆರಾ ನೋಡಿದ. ಯಾರೋ ದೊಡ್ಡವರಿರಬೇಕು ಎಂದುಕೊಂಡು ಅದಕ್ಕೊಂದು ಕೈಮುಗಿದ. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದ. ಗೇಟಿನಿಂದ ಕೂಗಳತೆಯಲ್ಲಿ, ಚರಂಡಿ ಪಕ್ಕದಲ್ಲಿ, ಕಾಂಪೌಂಡ್ ಗೋಡೆ ಕುಸಿದಿದೆ. ಅಲ್ಲಿ ಆಡು ನುಗ್ಗುತ್ತದೆ, ನಾಯಿ ನುಗ್ಗುತ್ತದೆ, ಮನಸ್ಸು ಮಾಡಿದರೆ ಕಳ್ಳನೂ ನುಗ್ಗಬಹುದು. ಸಭ್ಯರಿಗೆ ಮಾತ್ರ ಮುಂದಿನ ಗೇಟು.

ಈ ದಾರಿಗೊಂದು ಪೂರ್ವಕಥೆ ಉಂಟು. ಹಳೆಯ ಗ್ರಾಮ ನಕಾಶೆಗಳಲ್ಲಿ ಇಂಥ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆ ಗೆರೆಯಲ್ಲಿ ಗುರುತಿಸಿರುತ್ತಾರೆ. ಹೊಲ ಹೋಗಿ ಸೈಟು ಆದಾಗ ಚುಕ್ಕೆಯ ಮೇಲೆ ಟಾರು ಬೀಳುತ್ತದೆ, ನಲವತ್ತು ಅಡಿ ರಸ್ತೆಯಾಗುತ್ತದೆ. ಬಡಾವಣೆ ಮಾಡಿದವನಿಗೆ ನಕ್ಷೆ ಮಂಜೂರಾಗಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ರಸ್ತೆ, ಪಾರ್ಕು, ಬಯಲು ಇವನ್ನೆಲ್ಲ ಒಂದು ಪೈಸೆ ಕೇಳದೆ ಪ್ರಾಧಿಕಾರಕ್ಕೋ ಸ್ಥಳೀಯ ಸಂಸ್ಥೆಗೋ ಬಿಟ್ಟುಕೊಡಬೇಕು. ಆತ ಸಂತೋಷದಿಂದ ಬಿಟ್ಟುಕೊಡುತ್ತಾನೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ರಿಲಿಂಕ್ವಿಶ್‌ಮೆಂಟ್ ಡೀಡಿಗೆ ಸಹಿ ಮಾಡಿ, ಬೆಳಗ್ಗೆ ರಸ್ತೆಯನ್ನು ನಾಡಿಗೆ ಅರ್ಪಿಸಿ, ಸಂಜೆ ಅದಕ್ಕೆ ಗೇಟು ಹಾಕಿ, ಮರುದಿನ ‘ಗೇಟೆಡ್ ಕಮ್ಯುನಿಟಿ’ ಎಂದು ಚದರಡಿಗೆ ಇನ್ನಷ್ಟು ಏರಿಸಿ ಮಾರುತ್ತಾನೆ. ದಾನ ಕೊಟ್ಟ ಹಸುವಿನ ಹಾಲನ್ನು ಜೀವಮಾನವಿಡೀ ತಾನೇ ಕರೆದುಕೊಂಡು ಕುಡಿಯುವ ದಾನಶೂರರು ಪುರಾಣದಲ್ಲೂ ಇರಲಿಲ್ಲ.

ನಿವಾಸಿಗಳೂ ಈ ತತ್ತ್ವವನ್ನು ಬೇಗ ಕರಗತ ಮಾಡಿಕೊಳ್ಳುತ್ತಾರೆ. ರಸ್ತೆಯಲ್ಲಿ ಗುಂಡಿ ಬಿದ್ದರೆ ಅದು ಸರ್ಕಾರದ್ದು; ರಸ್ತೆಯಲ್ಲಿ ದನ ಬಂದರೆ ಅದು ನಮ್ಮದು. ಬೀದಿದೀಪ ಕೆಟ್ಟಾಗ ಪಂಚಾಯಿತಿಗೆ ಬರೆಯುವ ಪತ್ರದಲ್ಲಿ ‘ಸಾರ್ವಜನಿಕ ರಸ್ತೆ’. ಅದೇ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಬಂದವನಿಗೆ ತೋರಿಸುವ ಫಲಕದಲ್ಲಿ ‘ಖಾಸಗಿ ರಸ್ತೆ’. ಎರಡಕ್ಕೂ ಸಹಿ ಒಬ್ಬರದೇ, ಸೀಲೂ ಒಂದೇ.

ಕೋರ್ಟು ಇದನ್ನು ನೋಡಿಲ್ಲವೇ ಎಂದರೆ ನೋಡಿದೆ. ಬೆಂಗಳೂರಿನ ಬಡಾವಣೆಯೊಂದರ ಪ್ರಕರಣದಲ್ಲಿ ಹೈಕೋರ್ಟು 2022ರಲ್ಲಿ ಹೇಳಿದ್ದು ಸರಳ: ಪಾಲಿಕೆಗೆ ಬಿಟ್ಟುಕೊಟ್ಟ ಮೇಲೆ ರಸ್ತೆ ಊರವರೆಲ್ಲರದು, ಒಳಗಿನವರು ಹೊರಗಿನವರನ್ನು ತಡೆಯುವಂತಿಲ್ಲ. ತೀರ್ಪು ಬಂದ ಮೇಲೆ ನಮ್ಮ ಕಡೆಯ ಸಂಘವೊಂದು ತುರ್ತು ಸಭೆ ಕರೆದು ತೀರ್ಪಿಗೆ ಗೌರವ ಕೊಡಲು ತೀರ್ಮಾನಿಸಿತು. ‘ಗೇಟು’ ಎಂಬ ಫಲಕ ತೆಗೆದು ‘ಸ್ವಾಗತ ಕೇಂದ್ರ’ ಎಂದು ಬರೆಸಿತು.

ದೊಡ್ಡವರ ಗೇಟಿನ ಮಾತೇ ಬೇರೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ವಾಹನ ದಟ್ಟಣೆ ತಡೆಯಲಾಗದೆ ಮುಖ್ಯಮಂತ್ರಿಗಳೇ ವಿಪ್ರೊದ ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಸರ್ಜಾಪುರ ರಸ್ತೆಯ ನಿಮ್ಮ ಕ್ಯಾಂಪಸ್ಸಿನೊಳಗೆ ಒಂದಿಷ್ಟು ವಾಹನ ಬಿಟ್ಟುಕೊಟ್ಟರೆ ಇಬ್ಬಲೂರು ಜಂಕ್ಷನ್ ಸುತ್ತ ದಟ್ಟಣೆ ಶೇಕಡ 30ರಷ್ಟು ಇಳಿದೀತು ಎಂದು ವಿನಂತಿಸಿದರು. ವಾರ ತುಂಬುವ ಮೊದಲೇ ಉತ್ತರ ಬಂತು. ಇದು ಖಾಸಗಿ ಆಸ್ತಿ, ವಿಶೇಷ ಆರ್ಥಿಕ ವಲಯ, ಒಳಬರುವವರ ಮೇಲೆ ನಿಯಂತ್ರಣವಿರಲೇಬೇಕು, ಕ್ಷಮಿಸಿ. ಅದು ನಿಜಕ್ಕೂ ಖಾಸಗಿ ನೆಲ, ಕಾನೂನು ಅವರ ಕಡೆಗಿದೆ, ತಕರಾರಿಲ್ಲ. ಆದರೆ ಪತ್ರಿಕೆಯಲ್ಲಿ ಅದನ್ನು ಓದಿದ ನಮ್ಮ ಅಧ್ಯಕ್ಷರಿಗೆ ಆದ ಆನಂದ ಅಷ್ಟಿಷ್ಟಲ್ಲ. ಮುಖ್ಯಮಂತ್ರಿಗೇ ದಾರಿ ಇಲ್ಲ ಎಂದಮೇಲೆ ಹೆಮ್ಮರಗಾಲದ ತಾತ ಯಾವ ಲೆಕ್ಕ? ಪತ್ರಿಕೆಯ ತುಣುಕನ್ನು ಕತ್ತರಿಸಿ ವಾಚ್‌ಮನ್ ಗೂಡಿನೊಳಗೆ ಅಂಟಿಸಿದರು. ತಮ್ಮದು ಬಿಟ್ಟುಕೊಟ್ಟ ರಸ್ತೆ ಎಂಬ ಸಣ್ಣ ವ್ಯತ್ಯಾಸ ಆ ತುಣುಕಿನಲ್ಲಿ ಅಚ್ಚಾಗಿರಲಿಲ್ಲ.

ಹೆಮ್ಮರಗಾಲದ ದೇವರ ವಿಷಯಕ್ಕೆ ಬರೋಣ. ಸಂತಾನ ವೇಣುಗೋಪಾಲಸ್ವಾಮಿ, ಊರ ಬಾಯಲ್ಲಿ ಹುಚ್ಚು ಗೋಪಾಲ. ಕಮಿಟಿಯ ಸದಸ್ಯರಲ್ಲಿ ಅನೇಕರ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೊಳಲು ಹಿಡಿದು ನಿಂತಿರುವವನು ಇವನೇ. ಇವನ ಪೂರ್ವಾಪರ ಯಾರೂ ವಿಚಾರಿಸಿದಂತಿಲ್ಲ. ಹುಟ್ಟಿದ್ದು ಸೆರೆಮನೆಯಲ್ಲಿ. ಹುಟ್ಟಿದ ರಾತ್ರಿಯೇ ಕಾವಲುಗಾರರೆಲ್ಲ ನಿದ್ದೆ ಹೋಗಿ, ಬಾಗಿಲು ತಾನಾಗಿ ತೆರೆದು, ತಂದೆ ಇವನನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರನಡೆದ. ರಿಜಿಸ್ಟರಿನಲ್ಲಿ ಎಕ್ಸಿಟ್ ಎಂಟ್ರಿ ಇಲ್ಲ. ಬೆಳೆದ ಮೇಲೆ ಕಸುಬು ನೆರೆಮನೆಗೆ ನುಗ್ಗಿ ಬೆಣ್ಣೆ ಕದಿಯುವುದು. ದೂರು ಕೊಟ್ಟ ಹೆಂಗಸರ ಸಂಖ್ಯೆಗೆ ಮಿತಿಯಿಲ್ಲ. ಮೇಲಾಗಿ ದನ ಕಾಯುವವನು. ಬಾಡಿಗೆಗೆ ಒಂದು ಮನೆ ಕೇಳಿಕೊಂಡು ಬಂದರೆ ಪೊಲೀಸ್ ವೆರಿಫಿಕೇಷನ್ ಹಂತದಲ್ಲೇ ಬಿದ್ದುಹೋಗುತ್ತಾನೆ. ನಂಜನಗೂಡಿನ ನಂಜುಂಡನದೂ ಇದೇ ಪಾಡು. ಆನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಪಚ್ಚೆಲಿಂಗ ಒಪ್ಪಿಸಿ ‘ಹಕೀಂ ನಂಜುಂಡ’ ಎಂದು ಕರೆದನಂತೆ. ಈಗಿನ ಗೇಟಿನಲ್ಲಾಗಿದ್ದರೆ ಸುಲ್ತಾನನನ್ನು ಹೆಸರಿಗಾಗಿ, ಆನೆಯನ್ನು ಸ್ಟಿಕ್ಕರ್ ಇಲ್ಲವೆಂಬ ಕಾರಣಕ್ಕಾಗಿ ನಿಲ್ಲಿಸುತ್ತಿದ್ದರು.

ಹೆಸರು ಎಂದೆನಲ್ಲ. ರಿಜಿಸ್ಟರಿನಲ್ಲಿ ಅದೇ ಮೊದಲ ಕಲಂ, ಅದು ಸುಮ್ಮನೆ ಮೊದಲಲ್ಲ. ಹಳ್ಳಿಗಳಲ್ಲಿ ಗೇಟಿಲ್ಲ, ಎಂಥ ಮುಕ್ತ ಬದುಕು ಎಂದು ಹಳಹಳಿಸುವವರನ್ನು ಕಂಡರೆ ನನಗೆ ಸ್ವಲ್ಪ ರೇಗುತ್ತದೆ. ಹಳ್ಳಿಗೆ ಗೇಟಿನ ಖರ್ಚು ಬೇಕಿರಲಿಲ್ಲ, ಅಷ್ಟೆ. ಯಾರು ಯಾವ ಕೇರಿಯವರೆಗೆ ಬರಬೇಕು, ಎಲ್ಲಿ ಚಪ್ಪಲಿ ಬಿಡಬೇಕು ಎಂಬುದು ಹುಟ್ಟುತ್ತಲೇ ಗೊತ್ತಿರುತ್ತಿತ್ತು. ಇದೇ ತಾಲ್ಲೂಕಿನ ಬದನವಾಳಿನಲ್ಲಿ ದೇವಸ್ಥಾನ ಪ್ರವೇಶದ ಜಗಳ ಬೆಳೆದು 1993ರಲ್ಲಿ ಮೂವರು ದಲಿತರ ಕೊಲೆಯಾಯಿತು. ಇದೇ ತಾಲ್ಲೂಕಿನ ಹಲ್ಲರೆಯಲ್ಲಿ 2020ರಲ್ಲಿ ದಲಿತರ ತಲೆಗೂದಲು ಕತ್ತರಿಸಿದ ಕ್ಷೌರಿಕನೊಬ್ಬನಿಗೆ 50 ಸಾವಿರ ರೂಪಾಯಿ ದಂಡ, ಮೇಲೆ ಬಹಿಷ್ಕಾರ. ಅಲ್ಲಿ ಕೋಲಿಲ್ಲ, ಕ್ಯಾಮೆರಾ ಇಲ್ಲ, ತಿಂಗಳಿಗಿಷ್ಟು ಎಂದು ಮೇಂಟೆನೆನ್ಸ್ ಇಲ್ಲ. ಬಡಾವಣೆಯವರು ದುಡ್ಡು ಕೊಟ್ಟು ಕೊಂಡುಕೊಳ್ಳುತ್ತಿರುವುದು ಅಜ್ಜಂದಿರು ಬಿಟ್ಟಿಯಾಗಿ ನಡೆಸುತ್ತಿದ್ದ ವ್ಯವಸ್ಥೆಯನ್ನೇ. ಮನೆಗೆಲಸದ ಹೆಂಗಸು ಹೊರಡುವಾಗ ಬ್ಯಾಗ್ ಬಿಚ್ಚಿ ತೋರಿಸಬೇಕು, ಅವಳಿಗೆ ಬೇರೆ ಲಿಫ್ಟು, ಪಾರ್ಕಿನ ಬೆಂಚಿನಲ್ಲಿ ಕೂರಬಾರದು. ಇದಕ್ಕೆಲ್ಲ ಈಗ ‘ಪ್ರೋಟೋಕಾಲ್’ ಎನ್ನುತ್ತಾರೆ. 2024ರಲ್ಲಿ ಪಂಚೆ ಉಟ್ಟು ಬಂದ ಹಾವೇರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದು ಹೊರಗೆ ನಿಲ್ಲಿಸಿದಾಗ ಊರೆಲ್ಲ ಕುದಿಯಿತು, ಸರ್ಕಾರ ಮಾಲನ್ನು ಏಳು ದಿನ ಮುಚ್ಚಿಸಿತು. ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಅಂದು ರೈತ ನಮ್ಮ ಬೆನ್ನೆಲುಬು ಎಂಬ ಸಂದೇಶ ಓಡಾಡಿತು. ಅದರ ಕೆಳಗಿನದು, ‘ತರಕಾರಿ ಗಾಡಿಯವನನ್ನು ಏಳರ ಮೇಲೆ ಬಿಡಬೇಡಿ.’

ಇದೇ ರಸ್ತೆಯಲ್ಲಿ ಮುಂದೆ ಹೋದರೆ, ಗುಂಡ್ಲುಪೇಟೆ ದಾಟಿ, ಇನ್ನೊಂದು ಗೇಟಿದೆ. ಬಂಡೀಪುರ. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಕೆಲವೇ ಬಸ್ಸು, ಆಂಬ್ಯುಲೆನ್ಸಿಗೆ ಮಾತ್ರ ದಾರಿ. ಅಲ್ಲಿನ ನಿವಾಸಿಗಳು ಆನೆ, ಜಿಂಕೆ, ಹುಲಿ. ಲಾರಿಗೆ ಸಿಕ್ಕು ಸಾಯುತ್ತಿದ್ದವು. ಆ ಗೇಟಿನ ಹಿಂದೆ ಪ್ರಾಣದ ಪ್ರಶ್ನೆಯೇ ಇತ್ತು. ಸಂಘ ಕಟ್ಟಲು, ಸಭೆ ಕರೆಯಲು ಅವಕ್ಕೆ ಬರುವುದಿಲ್ಲ. ನಮ್ಮ ಬಡಾವಣೆಯ ಮಹನೀಯರು ವಯನಾಡಿನ ರೆಸಾರ್ಟಿಗೆ ಹೊರಟು 9 ಗಂಟೆ 5 ನಿಮಿಷಕ್ಕೆ ಆ ಗೇಟು ತಲುಪಿದಾಗ ಹೇಳುವ ಮಾತು: ‘ಏನ್ರೀ ಇದು ಅನ್ಯಾಯ, ಹೆದ್ದಾರಿ ಯಾರಪ್ಪನದು?’

ಒಳಗೂ ಶಾಂತಿ ಇಲ್ಲ. ಹೊರಗಿನವರೆಲ್ಲ ಮುಗಿದ ಮೇಲೆ ಒಳಗೇ ಹೊರಗಿನವರನ್ನು ಹುಡುಕಬೇಕಾಗಿದೆ. ಮಾಲೀಕರಿಗೆ ಹಸಿರು ಸ್ಟಿಕ್ಕರ್, ಬಾಡಿಗೆಯವರಿಗೆ ಹಳದಿ. ಮದುವೆಯಾಗದ ಹುಡುಗರಿಗೆ ಸ್ಟಿಕ್ಕರೇ ಇಲ್ಲ, ನೋಟಿಸ್ ಮಾತ್ರ. ಎರಡನೇ ಹಂತದವರು ಮೊದಲನೇ ಹಂತದ ಪಾರ್ಕಿಗೆ ಬರದಂತೆ ನಡುವೆ ಒಂದು ಚಿಕ್ಕ ಗೇಟು ಬಿದ್ದಿದೆ.

ಕಳೆದ ತಿಂಗಳು ಒಂದು ಅನಾಹುತವಾಯಿತು. ಹೆದ್ದಾರಿ ಬದಿಗಿರುವ ಪಕ್ಕದ ಹೊಸ ಬಡಾವಣೆಯವರು ತಮ್ಮ ರಸ್ತೆಗೂ ಗೇಟು ಹಾಕಿಬಿಟ್ಟರು. ನಮ್ಮವರು ಕಾರಿನಲ್ಲಿ ಮೈಸೂರಿಗೆ ಬೇಗ ಹೋಗಲು ಬಳಸುತ್ತಿದ್ದ ಅಡ್ಡದಾರಿ ಅದು. ಅಲ್ಲಿನ ವಾಚ್‌ಮನ್ ನಮ್ಮ ಅಧ್ಯಕ್ಷರನ್ನೇ ನಿಲ್ಲಿಸಿ ಯಾರನ್ನು ನೋಡಬೇಕು ಎಂದು ಕೇಳಿದನಂತೆ. ಆ ಸಂಜೆಯೇ ಸಭೆ. ಸರ್ವಾನುಮತದ ನಿರ್ಣಯ. ತಹಶೀಲ್ದಾರರಿಗೆ ಬರೆದ ಅರ್ಜಿಯನ್ನು ನಾನು ಓದಿದ್ದೇನೆ, ಇಷ್ಟು ಚೆಂದದ ಅರ್ಜಿ ಈಚೆಗೆ ಕಂಡಿರಲಿಲ್ಲ. 17ನೇ ಸೆಕ್ಷನ್ ಇದೆ. 20 ವರ್ಷ ತಡೆಯಿಲ್ಲದೆ ಹಕ್ಕಿನಂತೆ ನಡೆದಾಡಿದ ದಾರಿ ಹಕ್ಕೇ ಆಗುತ್ತದೆ ಎನ್ನುವ 1882ರ ಈಸ್‌ಮೆಂಟ್ ಕಾಯ್ದೆ ಇದೆ. ಹೈಕೋರ್ಟಿನ ತೀರ್ಪಿನ ಜೆರಾಕ್ಸ್ ಲಗತ್ತಿಸಿದೆ. ‘ಸದರಿ ದಾರಿಯಲ್ಲಿ ಅನಾದಿಕಾಲದಿಂದಲೂ ಸುತ್ತಲ ಗ್ರಾಮಗಳ ರೈತಾಪಿ ಜನ, ದನಕರು, ಎತ್ತಿನಗಾಡಿಗಳು ಓಡಾಡುತ್ತಿದ್ದು’ ಎಂದು ಕಣ್ಣಲ್ಲಿ ನೀರು ಬರುವಂತೆ ಬರೆದಿದೆ. ಕೊರತೆ ಒಂದೇ. ಹಿಂದೆ ಈ ದಾರಿಯಲ್ಲಿ ನಡೆದಾಡಿದ್ದೆ ಎಂದು ಸಾಕ್ಷಿ ಹೇಳಲು ಹಳ್ಳಿಯ ಹಿರಿಯರೊಬ್ಬರು ಬೇಕಾಗಿದ್ದಾರೆ. ಬುಟ್ಟಿ ಹಿಡಿದುಕೊಂಡು ಬರುವ ಮುದುಕರು ಯಾರಾದರೂ ಕಂಡರೆ ಕೂಡಲೇ ಕುರ್ಚಿ ಕೊಟ್ಟು ಕೂರಿಸಿ ತನಗೆ ಫೋನ್ ಮಾಡಬೇಕೆಂದು ಅಧ್ಯಕ್ಷರು ವಾಚ್‌ಮನ್‌ಗೆ ಅಪ್ಪಣೆ ಮಾಡಿದ್ದಾರೆ.