ಅಟ್ಟದ ಮೇಲಿನ ಟಾಮ್‌ಕ್ಯಾಟ್

ನನಗೆ ಮರೆವು ಜಾಸ್ತಿ ಅನ್ನುವುದು ಮನೆಯವರ ದೂರು. ನಾನು ನೋಡಿಕೊಳ್ಳುವ ಸರ್ವರ್ ಬಗ್ಗೆ ಆಫೀಸಿನವರದು ಇದಕ್ಕೆ ತದ್ವಿರುದ್ಧ ದೂರು: ಅದು ಏನನ್ನೂ ಮರೆಯುವುದಿಲ್ಲ. ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹದವಾದ ನೆನಪಿದ್ದಿದ್ದರೆ ಸಂಸಾರ ಸುಸೂತ್ರವಾಗಿ ಸಾಗುತ್ತಿತ್ತು.

ಸರ್ವರಿನ ಹೆಸರು ಟಾಮ್‌ಕ್ಯಾಟ್. ತನ್ನ ಪಾಡು ತಾನು ನೋಡಿಕೊಳ್ಳುವ ಪ್ರಾಣಿ ಎಂದುಕೊಂಡು ಜೇಮ್ಸ್ ಡಂಕನ್ ಡೇವಿಡ್‌ಸನ್ ಅದಕ್ಕೆ ಗಂಡುಬೆಕ್ಕಿನ ಹೆಸರಿಟ್ಟರು. ನಮ್ಮ ಬೆಕ್ಕಿಗೆ ಈ ಸಂಗತಿ ಯಾರೂ ತಿಳಿಸಿದಂತಿಲ್ಲ. ಸಾಯಂಕಾಲ ಆಪ್‌ನಲ್ಲಿ ಒಂದು ಸಾಲು ತಿದ್ದಿ, ಹೊಸ ವಾರ್ ಫೈಲ್ ಏರಿಸಿ ರಿಡಿಪ್ಲಾಯ್ ಮಾಡಿದರೆ ಮೊದಮೊದಲು ತೆಪ್ಪಗಿರುತ್ತದೆ. ಇನ್ನೂ ಒಂದೆರಡು ಸಲ ಹಾಗೇ ಮಾಡಿ ನಾನು ಊಟಕ್ಕೆ ಕೂತು ಸಾರು ಕಲಸುವ ಹೊತ್ತಿಗೆ ಫೋನು: ‘ಔಟ್ ಆಫ್ ಮೆಮೊರಿ ಎರರ್.’ ಮೊದಲೆಲ್ಲ ಅದರ ಬಾಲಕ್ಕೆ ‘ಪರ್ಮ್‌ಜೆನ್ ಸ್ಪೇಸ್’ ಅಂತಿರುತ್ತಿತ್ತು, ಈಗ ‘ಮೆಟಾಸ್ಪೇಸ್’ ಅಂತಿರುತ್ತದೆ. ಸಾರು ಆಗಲೂ ಆರುತ್ತಿತ್ತು, ಈಗಲೂ ಆರುತ್ತದೆ. ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದು ರೀಸ್ಟಾರ್ಟ್ ಮಾಡುತ್ತೇನೆ. ಎಡಗೈಯಲ್ಲಿ ತಪ್ಪಿಲ್ಲದೆ ಪಾಸ್‌ವರ್ಡ್ ಒತ್ತುವುದು ನನ್ನ ವೃತ್ತಿಜೀವನದ ಏಕೈಕ ಸಾಧನೆ.

“ಅಷ್ಟು ದೊಡ್ಡ ಮೆಷಿನ್ನು, ಒಂದು ಸಾಲು ತಿದ್ದಿದ್ರೆ ತುಂಬಿಹೋಗುತ್ತೇನ್ರೀ?” ಎಂದಳು ನನ್ನಾಕೆ. ನನಗೆ ಅಷ್ಟೇ ಸಾಕಿತ್ತು.

“ಸಾಲಿಂದಲ್ಲ ಕಣೇ. ಪ್ರತಿ ಆಪ್‌ಗೂ ಒಂದು ಕ್ಲಾಸ್‌ಲೋಡರ್ ಇರುತ್ತೆ. ಹಳೇ ಆಪ್ ತೆಗೆದಾಗ ಅದೂ, ಅದು ತಂದ ಕ್ಲಾಸ್‌ಗಳೂ ಹೋಗ್ಬೇಕು. ಗುಡಿಸೋಕೆ ಗಾರ್ಬೇಜ್ ಕಲೆಕ್ಟರ್ ಇದೆ. ಆದ್ರೆ ಹೊರಗಿನವರು ಯಾರಾದ್ರೂ ಹಳೇ ಆಪ್‌ನ ಒಂದೇ ಒಂದು ಆಬ್ಜೆಕ್ಟ್ ಹಿಡ್ಕೊಂಡಿದ್ರೆ ಮುಗೀತು. ಆಬ್ಜೆಕ್ಟು ತನ್ನ ಕ್ಲಾಸನ್ನ ಬಿಡಲ್ಲ, ಕ್ಲಾಸು ಲೋಡರನ್ನ ಬಿಡಲ್ಲ, ಲೋಡರು ಒಂದು ಕ್ಲಾಸನ್ನೂ ಬಿಡಲ್ಲ.”

ಅವಳು ಕತ್ತೆತ್ತಿ ಅಟ್ಟದ ಕಡೆ ನೋಡಿದಳು. “ನಿಮ್ಮ ಮಿಕ್ಸಿ ಹಾಗೆ ಅನ್ನಿ.”

ಅಲ್ಲಿ ಮೋಟಾರು ಸುಟ್ಟ ಮಿಕ್ಸಿ ಇದೆ. ಅದರ ಚಟ್ನಿ ಜಾರಿನಲ್ಲಿ ಅಡುಗೆಮನೆಯ ಮೆಂತ್ಯ ಇದೆ. ಜಾರು ಬಳಕೆಯಲ್ಲಿರುವಾಗ ಮಿಕ್ಸಿ ಎಸೆಯಕೂಡದು ಎನ್ನುವುದು ನನ್ನ ಸಿದ್ಧಾಂತ. ಮಿಕ್ಸಿ ಇರುವವರೆಗೆ ಅದರ ರಟ್ಟಿನ ಡಬ್ಬ ಬೇಕು, ಡಬ್ಬ ಇರುವವರೆಗೆ ಥರ್ಮಾಕೋಲು ಬೇಕು, ಥರ್ಮಾಕೋಲಿನ ಸಂದುಗಳಲ್ಲಿ ಹಳೇ ಚಾರ್ಜರು, ವೈರು, ಹಾರ್ಡ್‌ಡಿಸ್ಕು.

ಮಾತು ತೇಲಿಸಲು, ಹಿಂದೊಮ್ಮೆ ಕ್ಲಾಸ್‌ಗಳು ಕೂರುವ ಪರ್ಮ್‌ಜೆನ್ ಜಾಗದ ಮಿತಿಯಾದ ಮ್ಯಾಕ್ಸ್‌ಪರ್ಮ್‌ಸೈಜನ್ನು 64 ಎಂಬಿಯಿಂದ 256ಕ್ಕೆ ಏರಿಸಿದ ನನ್ನ ಸಾಹಸ ಹೇಳಿದೆ.

“ಅಂದ್ರೆ ಅಟ್ಟ ದೊಡ್ಡದು ಮಾಡಿದ್ರಿ.”

“ಈಗ ಅದೂ ಬೇಡ. 2014ರಲ್ಲಿ ಜಾವಾ 8 ಬಂದು ಪರ್ಮ್‌ಜೆನ್ನನ್ನೇ ಕಿತ್ತುಹಾಕ್ತು. ಬದಲಿಗೆ ಮೆಟಾಸ್ಪೇಸ್. ನಾವಾಗಿ ಮಿತಿ ಹಾಕದಿದ್ರೆ ಮೆಷಿನ್‌ನಲ್ಲಿರೋ ಮೆಮೊರೀನೆಲ್ಲ ತಗೊಳ್ಳುತ್ತೆ.”

“ಅಟ್ಟ ಒಡೆದು ಸಾಮಾನೆಲ್ಲ ಹಾಲ್‌ಗೆ ಇಳಿಸಿದ್ರಿ.”

ನಾನು ಮಜ್ಜಿಗೆ ಬಡಿಸಿಕೊಂಡೆ.

“ಅದಿರ್ಲಿ, ಹಿಡ್ಕೊಂಡು ಕೂತಿರೋರು ಯಾರು?”

ಪ್ರಶ್ನೆ ಸರಿಯಾಗಿಯೇ ಇತ್ತು. ಆಪ್ ಶುರುಮಾಡಿ ನಿಲ್ಲಿಸದೆ ಬಿಟ್ಟ ಥ್ರೆಡ್ಡೋ ಖಾಲಿ ಮಾಡದ ಥ್ರೆಡ್‌ಲೋಕಲ್ಲೋ ಆದರೆ ಟಾಮ್‌ಕ್ಯಾಟ್ ತಾನೇ ಲಾಗ್‌ನಲ್ಲಿ ಗೊಣಗುತ್ತದೆ. ಎಲ್ಲ ಆಪ್‌ಗಳಿಗೂ ಸೇರಿದ ಲಿಬ್ ಫೋಲ್ಡರಿನ ಯಾವುದೋ ಲೈಬ್ರರಿ ಹಿಡಿದುಕೊಂಡಿದ್ದರೆ ಮಾತ್ರ ಪಿಟ್ಟೆನ್ನುವುದಿಲ್ಲ. ಮ್ಯಾನೇಜರ್ ಪುಟದಲ್ಲಿ ‘ಫೈಂಡ್ ಲೀಕ್ಸ್’ ಎಂಬ ಗುಂಡಿ ಇದೆ. ಒತ್ತಿದರೆ ಯಾವ ಆಪ್ ಉಳಿದುಕೊಂಡಿದೆ ಎಂದು ಹೇಳುತ್ತದೆ, ಯಾರಿಂದ ಎಂದು ಹೇಳುವುದಿಲ್ಲ. ಆಗ ಇಡೀ ಮೆಮೊರಿಯನ್ನು ಹೀಪ್ ಡಂಪ್ ಆಗಿ ಫೈಲಿಗೆ ಇಳಿಸಿಕೊಂಡು, ಸರಪಳಿ ಹಿಡಿದು ಬುಡದವರೆಗೆ ಹೋಗಬೇಕು. ಸಿಕ್ಕ ಮೇಲೆ ಮದ್ದು ಸುಲಭ: ಆಪ್ ಇಳಿಯುವಾಗ ಕಾಂಟೆಕ್ಸ್ಟ್ ಡಿಸ್ಟ್ರಾಯ್ಡ್ ಎಂಬ ಮೆಥಡ್ ಓಡುತ್ತದೆ, ಹಿಡಿದಿದ್ದನ್ನೆಲ್ಲ ಅಲ್ಲಿ ಬಿಡಿಸಿದರಾಯಿತು.

ಇದನ್ನೆಲ್ಲ ಕೈ ಒಣಗುವವರೆಗೆ ವಿವರಿಸಿದೆ. ಅವಳು ಎಂದೂ ಇಲ್ಲದಷ್ಟು ಶ್ರದ್ಧೆಯಿಂದ ಕೇಳಿದಳು. ನಾನಾಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಮರುದಿನ ಮನೆಗೆ ಬಂದರೆ ಮೆಂತ್ಯ ಸ್ಟೀಲ್ ಡಬ್ಬದಲ್ಲಿತ್ತು. ಅಟ್ಟ ಗುಡಿಸಿ ಒರೆಸಿದಂತಿತ್ತು. “ಜಾರು ಖಾಲಿ ಮಾಡಿದೆ, ಮಿಕ್ಕಿದ್ದು ತಾನಾಗೇ ಹೋಯ್ತು ನೋಡಿ,” ಎಂದಳು. ಇಷ್ಟು ಚೊಕ್ಕವಾಗಿ ಕೆಲಸ ಮಾಡುವ ಒಬ್ಬ ಡೆವಲಪರ್ ನಮ್ಮ ತಂಡದಲ್ಲಿಲ್ಲ ಎಂದು ಮನಸಾರೆ ಹೊಗಳಿದೆ.

ಹೊಗಳಿ ಮುಗಿದ ಮೇಲೆ ಹಾರ್ಡ್‌ಡಿಸ್ಕಿನ ನೆನಪಾಯಿತು. ಹೀಪ್ ಡಂಪ್ ಇದ್ದದ್ದು ಅದರಲ್ಲೇ. ಥರ್ಮಾಕೋಲಿಗಿಂತ ಭದ್ರವಾದ ಜಾಗ ಇನ್ನೆಲ್ಲಿ ಎಂದು ನಾನೇ ಅಲ್ಲಿ ತುರುಕಿದ್ದೆ. ಗುಜರಿಯವನ ಗಾಡಿ ಬೀದಿ ತಿರುವಿನಲ್ಲಿ ಕಂಡೀತೇನೋ ಎಂದು ಚಪ್ಪಲಿ ಹುಡುಕುತ್ತಾ ಕೇಳಿದೆ. ಅವನು ಬೆಳಗ್ಗೆಯೇ ಹೋದನಂತೆ. 8 ಜಿಬಿಯ ಹೀಪ್ ಡಂಪು ಅವನ ತಕ್ಕಡಿಯಲ್ಲಿ ಅರ್ಧ ಕಿಲೋ ತೂಗಿತಂತೆ.