ಅಳಿಯನ ಪಾಲು, ಶಾಲೆಯ ಪಾಲು

ಬೆತ್ತದ ಪೆಟ್ಟು ಕೊಟ್ಟ ಶಾಲೆಯ ಮೇಲೆ ವಯಸ್ಸಾದಂತೆ ಪ್ರೀತಿ ಉಕ್ಕುವುದೇಕೆ ಎಂಬುದನ್ನು ಮನಶ್ಶಾಸ್ತ್ರ ಬಲ್ಲವರೇ ಹೇಳಬೇಕು. ನಮ್ಮ ಕರಾವಳಿಯ ಕಥೋಲಿಕ್ ಹೈಸ್ಕೂಲುಗಳಲ್ಲಿ ಕಲಿತ ಯಾರನ್ನಾದರೂ ಮಾತಿಗೆ ಎಳೆದು ನೋಡಿ. ಹದಿನೈದರಲ್ಲಿ ‘ಇಲ್ಲಿಂದ ಒಮ್ಮೆ ಪಾರಾದರೆ ಸಾಕು’ ಎಂದು ದಿನ ಎಣಿಸಿದವರೇ ಅರವತ್ತೈದರಲ್ಲಿ ಹಳೆ ವಿದ್ಯಾರ್ಥಿ ಸಂಘದ ಊಟಕ್ಕೆ ಎಲ್ಲರಿಗಿಂತ ಮುಂಚೆ ಬಂದು ಕೂತಿರುತ್ತಾರೆ. ವರಾಂಡದಲ್ಲಿ ಮೊಣಕಾಲೂರಿ ನಿಂತದ್ದು, ಕ್ರೈಸ್ತ ಮಕ್ಕಳು ದೊತೊರ್ನ್ (ಧರ್ಮಬೋಧೆ) ತರಗತಿಗೆ ಎದ್ದು ಹೋದಾಗ ಉಳಿದವರು ನೀತಿಪಾಠದಲ್ಲಿ ತೂಕಡಿಸಿದ್ದು, ಹೆಡ್‌ಮಾಸ್ಟರ್ ಫಾದರ್ ಅವರ ಬಿಳಿ ನಿಲುವಂಗಿಯ ಸದ್ದು ಕೇಳಿದೊಡನೆ ಇಡೀ ತರಗತಿ ಸಂತರ ಸಭೆಯಾದದ್ದು – ಎಲ್ಲವೂ ಈಗ ಸಿಹಿ. ಎಪ್ಪತ್ತೈದು ದಾಟಿತೆನ್ನಿ, ಕೆಲವರ ಉಯಿಲಿನಲ್ಲಿ ಶಾಲೆಗೂ ಒಂದು ಪಾಲು ಬಿದ್ದಿರುತ್ತದೆ.

ಪೆಟ್ಟು ತಿಂದದ್ದಕ್ಕೆ ದುಡ್ಡು ಕೊಡುವ ಜಗತ್ತಿನ ಏಕೈಕ ವ್ಯವಹಾರ ಇದೇ ಇರಬೇಕು.

ಇದಕ್ಕೆ ಮನೆಯೊಳಗಿನ ಕಾರಣಗಳೂ ಉಂಟು. ಅಜ್ಜ, ಅಪ್ಪ, ಮಗ ಮೂವರೂ ಒಂದೇ ಶಾಲೆಯ ಬೆಂಚು ಸವೆಸಿದ ಕುಟುಂಬಗಳು ಮಂಗಳೂರಿನಲ್ಲಿ ಬೇಕಾದಷ್ಟಿವೆ. ನಾಲ್ಕನೆಯ ತಲೆಮಾರು ಟೊರಾಂಟೊದಲ್ಲೋ ಮೆಲ್ಬರ್ನಿನಲ್ಲೋ ಇದೆ. ಹಂಚಿನ ಮಾಡಿನ ದೊಡ್ಡ ಮನೆ, ಹಿತ್ತಿಲ ಹಲಸು, ಬಾವಿ – ಇವೆಲ್ಲ ಅವರಿಗೆ ಕ್ರಿಸ್ಮಸ್ ರಜೆಯಲ್ಲಿ ಫೋಟೊ ತೆಗೆಯಲು ಚೆಂದ. ಕೊನೆಗೆ ಮನೆ ಬಿಲ್ಡರಿಗೆ ಹೋಗುವುದೇ ಆದರೆ, ಬಂದ ಹಣದಲ್ಲಿ ಒಂದಿಷ್ಟು ಶಾಲೆಗೂ ಹೋಗಲಿ ಎಂದು ಅಜ್ಜಿ ನಿರ್ಧರಿಸುತ್ತಾರೆ. ಅಜ್ಜಿ ಆ ಶಾಲೆಯಲ್ಲಿ ಕಲಿತವರಲ್ಲ, ಅದು ಗಂಡುಮಕ್ಕಳ ಶಾಲೆ. ಆದರೆ ಐವತ್ತು ವರ್ಷ ಗಂಡನ ಬಾಯಿಂದ ಅದೇ ಫುಟ್‌ಬಾಲ್ ಫೈನಲ್ಲಿನ ಕಥೆ ಕೇಳಿದ್ದಾರಲ್ಲ, ಅಷ್ಟು ಹಾಜರಾತಿ ಸಾಕು.

ಹೀಗೆ ಗಂಡನ ಹಣ ಶಾಲೆಗೆ ಸುರಿದ ವಿಧವೆಯರಲ್ಲಿ ನನಗೆ ಅತಿ ಪ್ರಿಯರಾದವರು ನ್ಯೂಯಾರ್ಕಿನ ಜೂಲಿಯಾ ಗ್ರಾಂಟ್. ಪತಿ ಹ್ಯೂ ಗ್ರಾಂಟ್ ಆ ನಗರದ ಮೇಯರ್ ಆಗಿದ್ದವರು. (ಸಿನಿಮಾದ ಹ್ಯೂ ಗ್ರಾಂಟ್ ಅಲ್ಲ, ಆತ ಶಾಲೆ ಕಟ್ಟಿಸಿದ ಸುದ್ದಿ ನಾನಂತೂ ಕೇಳಿಲ್ಲ.) ಮೇಯರ್ ಗ್ರಾಂಟ್ 1910ರಲ್ಲಿ ತೀರಿಕೊಂಡರು. ಜೂಲಿಯಾ ಜೆಸ್ವಿಟ್ ಪಾದ್ರಿಗಳ ಕೈಗೆ ದೊಡ್ಡ ಮೊತ್ತ ಕೊಟ್ಟರು. 1914ರಲ್ಲಿ ಮ್ಯಾನ್‌ಹಾಟನ್ನಿನಲ್ಲಿ ರೀಜಿಸ್ ಹೈಸ್ಕೂಲು ಬಾಗಿಲು ತೆರೆಯಿತು. ಕಥೋಲಿಕ್ ಹುಡುಗರಿಗೆ ಫೀಸಿಲ್ಲದೆ ಓದು. ಇನ್ನೊಂದು ಷರತ್ತು, ತನ್ನ ಹೆಸರು ಹೊರಗೆ ಬರಬಾರದು. ದಶಕಗಳ ಕಾಲ ಅದು ಗುಟ್ಟಾಗಿಯೇ ಇತ್ತು. ನಮ್ಮಲ್ಲಿ ಒಂದು ಸೀಲಿಂಗ್ ಫ್ಯಾನು ಕೊಟ್ಟವರು ಮೂರು ರೆಕ್ಕೆಯ ಮೇಲೂ ಹೆಸರು ಬರೆಸುತ್ತಾರೆ, ತಿರುಗುವಾಗ ಓದಲು ಬರುವುದಿಲ್ಲ ಎಂಬ ಚಿಂತೆ ಬೇರೆ! ಕೋವಿಡ್ ಕಾಲದಲ್ಲಿ ದಿನವೂ ಟಿವಿಯಲ್ಲಿ ಕಂಡ ಡಾ. ಆಂಥನಿ ಫೌಚಿ ಓದಿದ್ದು ಆ ರೀಜಿಸ್‌ನಲ್ಲೇ, 1958ರ ತಂಡ. ಇಂದಿಗೂ ಅಲ್ಲಿ ಫೀಸಿಲ್ಲ, ಶಾಲೆ ನಡೆಯುವುದು ಹೆಚ್ಚಾಗಿ ಹಳೆ ವಿದ್ಯಾರ್ಥಿಗಳ ಕೊಡುಗೆಯಿಂದ, ಅವರ ಉಯಿಲುಗಳಿಂದ. ಹದಿಮೂರರಲ್ಲಿ ಕೇಳದೆ ಬಿಟ್ಟ ಫೀಸು ಎಂಬತ್ತರಲ್ಲಿ ಬಡ್ಡಿ ಸಮೇತ ಬರುತ್ತದೆ.

ಅಮೆರಿಕದಲ್ಲಿ ಇದಕ್ಕೆ ಲೆಕ್ಕಾಚಾರವೂ ಸೇರಿದೆ ಎನ್ನುವವರಿದ್ದಾರೆ. ಭಾರೀ ಆಸ್ತಿ ಬಿಟ್ಟು ಸತ್ತರೆ ಅಲ್ಲಿ ತೆರಿಗೆ ಉಂಟು, ಧರ್ಮಕಾರ್ಯಕ್ಕೆ ಬಿಟ್ಟ ಭಾಗಕ್ಕೆ ಇಲ್ಲ. ನಮ್ಮಲ್ಲಿ 1953ರಲ್ಲಿ ತಂದ ಮರಣ ತೆರಿಗೆ 1985ರಲ್ಲಿ ರದ್ದಾಯಿತು. ಹಾಗಾಗಿ ಮಂಗಳೂರಿನ ಅಜ್ಜಿ ಶಾಲೆಗೆ ಬರೆದರೆ ಅದರಿಂದ ಉಳಿತಾಯ ಏನೂ ಇಲ್ಲ, ಶುದ್ಧ ಅಕ್ಕರೆ.

ಆದರೆ ಈ ಅಕ್ಕರೆಯನ್ನು ನಮ್ಮ ಕಾನೂನು ಬಹುಕಾಲ ಗುಮಾನಿಯಿಂದಲೇ ನೋಡಿತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 118ನೇ ಕಲಂ ಹೇಳುತ್ತಿದ್ದುದು ಇಷ್ಟು: ಅಣ್ಣತಮ್ಮಂದಿರ, ಅಕ್ಕತಂಗಿಯರ ಮಗನೋ ಮಗಳೋ, ಅವರಿಗಿಂತ ಹತ್ತಿರದ ನೆಂಟರೋ ಇರುವವನು ಧಾರ್ಮಿಕ ಅಥವಾ ದತ್ತಿ ಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ, ಸಾಯುವ 12 ತಿಂಗಳ ಮೊದಲೇ ಉಯಿಲು ಬರೆದಿರಬೇಕು, ಬರೆದ ಆರು ತಿಂಗಳೊಳಗೆ ಅದನ್ನು ಸರಕಾರಿ ಸುಪರ್ದಿಗೆ ಒಪ್ಪಿಸಿರಬೇಕು. ಹಿಂದೂಗಳಿಗೂ ಮುಸ್ಲಿಮರಿಗೂ ಈ ಕಟ್ಟು ಇರಲಿಲ್ಲ, ಭಾರ ಬಿದ್ದದ್ದು ಮುಖ್ಯವಾಗಿ ಕ್ರೈಸ್ತರ ಮೇಲೆ. ಸಾಯುವ ಹೊತ್ತಿಗೆ ಪಾದ್ರಿ ಬಂದು ತಲೆದಿಂಬಿನ ಬಳಿ ಕೂತು ಆಸ್ತಿ ಬರೆಸಿಕೊಂಡಾನು ಎಂಬುದು ಇಂಗ್ಲೆಂಡಿನ ಹಳೆಯ ಭಯ. ಅಲ್ಲಿ 1736ರಲ್ಲೇ ಇಂಥ 12 ತಿಂಗಳ ಕಾನೂನು ಬಂದಿತ್ತು. ಆ ಭಯ ಹಡಗು ಹತ್ತಿ ಇಲ್ಲಿಗೂ ಬಂತು. ಅಂದರೆ ದಾನಿ ಕ್ಯಾಲೆಂಡರು ನೋಡಿಕೊಂಡು ಸಾಯಬೇಕು. ಹನ್ನೊಂದನೆಯ ತಿಂಗಳಲ್ಲಿ ಅವಸರಪಟ್ಟರೆ ಶಾಲೆಗೆ ಸೊನ್ನೆ, ವರ್ಷಕ್ಕೊಮ್ಮೆಯೂ ಮುಖ ತೋರಿಸದ ಸೋದರಳಿಯನಿಗೆ ತೋಟ. ಅಳಿಯಸಂತಾನದ ನಾಡಿನವರಾದ ನಮಗೆ ಅಳಿಯನ ಮಹಿಮೆ ಹೊಸತಲ್ಲ. ಆದರೂ ದಿಲ್ಲಿಯ ಕಾನೂನೇ ಅಳಿಯನ ಪರ ವಕಾಲತ್ತು ವಹಿಸುವುದು ಸ್ವಲ್ಪ ಅತಿಯಾಯಿತು. ಕೇರಳದ ಪಾದ್ರಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2003ರ ಜುಲೈಯಲ್ಲಿ ಕೋರ್ಟು, ಇದು ಸಮಾನತೆಗೆ ವಿರುದ್ಧ ಎಂದು ಆ ಕಲಮನ್ನೇ ತೆಗೆದುಹಾಕಿತು.

ಹಾಗೆಂದು ಶಾಲೆಗಳ ಕಷ್ಟ ತೀರಲಿಲ್ಲ. ದಾನಿಗಳು ಹೆಚ್ಚಾಗಿ ಇಷ್ಟಪಡುವುದು ದತ್ತಿ ಬಹುಮಾನ. ‘ನಮ್ಮ ತಂದೆಯ ಹೆಸರಿನಲ್ಲಿ ಗಣಿತದಲ್ಲಿ ಮೊದಲು ಬಂದವನಿಗೆ ಚಿನ್ನದ ಪದಕ.’ ಸಾವಿರ ರೂಪಾಯಿ ದೊಡ್ಡ ಮೊತ್ತವಾಗಿದ್ದ ಕಾಲದಲ್ಲಿ ಇಟ್ಟ ನಿಧಿಗೆ, ನೂರಕ್ಕೆ ಆರರಂತೆ, ಈಗಲೂ ವರ್ಷಕ್ಕೆ 60 ರೂಪಾಯಿ ಬಡ್ಡಿ. ಅದರಲ್ಲಿ ಚಿನ್ನ ಹೋಗಲಿ, ಚಿನ್ನದ ಬಣ್ಣದ ಪದಕವೂ ಬರುವುದಿಲ್ಲ. ಷರತ್ತು ಬದಲಿಸೋಣವೆಂದರೆ ಬರೆದವರು ಇಲ್ಲ. ಸತ್ತವರಷ್ಟು ಹಟಮಾರಿಗಳು ಬೇರೆ ಇಲ್ಲ.

ಶೌಚಾಲಯಕ್ಕೆಂದು ಆಸ್ತಿ ಬರೆದವರನ್ನು ನಾನಿನ್ನೂ ಕಂಡಿಲ್ಲ. ಮಾಡಿಗೆ ಬರೆದವರೂ ಕಡಿಮೆ. ಜೂನ್ ತಿಂಗಳಲ್ಲಿ ಪಕ್ಕಾಸು ಗೆದ್ದಲು ಹಿಡಿದ ತರಗತಿಯಲ್ಲಿ ಕೂತವರಿಗೆ ಗೊತ್ತು, ಗಣಿತದ ಪದಕಕ್ಕಿಂತ ತುರ್ತಾದ್ದು ಯಾವುದೆಂದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡಲು ತೊಡಗಿದ ಮೇಲೆ ಕಥೋಲಿಕ್ ಮಕ್ಕಳ ತಲೆಯ ಮೇಲೂ ಪ್ರಾಟೆಸ್ಟೆಂಟ್ ಹಂಚು ಬಂದು ಕೂತಿತು, ಯಾರೂ ತಕರಾರು ಮಾಡಿದಂತಿಲ್ಲ. ಕಾರ್ಖಾನೆಯ ಹೆಸರು ಹಂಚಿನ ಅಡಿಗೇ ಒತ್ತಿರುತ್ತಿತ್ತು. ಬೇಸರದ ಪೀರಿಯಡ್ಡಿನಲ್ಲಿ ತಲೆಯೆತ್ತಿ ನಾನು ಓದಿದ ಮೊದಲ ಇಂಗ್ಲಿಷ್ ಸಾಹಿತ್ಯ ಅದು. ಹೆಸರು ಉಳಿಯಲೇಬೇಕು ಎನ್ನುವ ದಾನಿಗಳು ಈ ಜಾಗವನ್ನು ಯೋಚಿಸಬಹುದು, ಓದುಗರ ಕೊರತೆ ಇಲ್ಲ.

ಹೆಸರು ಯಾರ ಕಣ್ಣಿಗೂ ಬೀಳದ ದಾನವೂ ಉಂಟು. 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಗೆ ಗುಡ್ಡದ ಮೇಲಿನ ಜಾಗ ದಾನ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು. ಇವತ್ತು ಬಸ್ಸುಗಟ್ಟಲೆ ಜನ ಅಲ್ಲಿಗೆ ಬಂದು, ಇಟಲಿಯ ಮೊಸ್ಕೇನಿ ಚ್ಯಾಪೆಲಿನ ಗೋಡೆಗಳಲ್ಲಿ ಬಿಡಿಸಿದ ಚಿತ್ರಗಳಿಗೆ ಕತ್ತೆತ್ತಿ ಬೆರಗಾಗುತ್ತಾರೆ. ಕಾಲಡಿಯ ನೆಲ ಯಾರದಿತ್ತು ಎಂದು ಕೇಳುವವರು ವಿರಳ. ಆದರೆ ನೆಲ ಇಲ್ಲದೆ ಗೋಡೆ ಎಲ್ಲಿಂದ?

ಆದ್ದರಿಂದ ಹಿರಿಯರೇ, ಬರೆಯುವುದಿದ್ದರೆ ‘ಶಾಲೆಯ ಯಾವ ಅಗತ್ಯಕ್ಕಾದರೂ ಸರಿ’ ಎಂಬ ಒಂದು ಸಾಲು ಸೇರಿಸಿ, ಪದಕದ ಆಸೆ ಬಿಡಿ. ಇಬ್ಬರು ಸಾಕ್ಷಿಗಳ ರುಜು ಬೇಕು. ಅಳಿಯನಿಗೂ ಏನಾದರೂ ಬಿಟ್ಟಿದ್ದರೆ ಅವನಿಂದ ಸಾಕ್ಷಿ ಹಾಕಿಸಬೇಡಿ, ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿ ಹಾಕಿದವನ ಪಾಲು ರದ್ದಾಗುತ್ತದೆ. ಉಯಿಲಿಗೆ ಸ್ಟಾಂಪ್ ಪೇಪರಿನ ಖರ್ಚೂ ಇಲ್ಲ, ಬಿಳಿ ಹಾಳೆ ಸಾಕು.